ಜೋಡಿಯ ಉತ್ತರ

ಬಾಗಿಲಿಗೆ ಬುದ್ಧಿ ಬಂದರೆ ಮನುಷ್ಯನ ಗತಿ ಏನು ಎಂದು ಯಾರಾದರೂ ಕೇಳಿದರೆ, ನಂಜನಗೂಡಿನ ಭಕ್ಷಕ ಭಂಡಾರದವರನ್ನು ತೋರಿಸಬೇಕು. ಅದೇನು ಸಾಮಾನ್ಯ ಬುದ್ಧಿಯಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಗಾಜಿನ ತಟ್ಟೆಯ ಮೇಲೆ ಅಂಗೈ ಇಟ್ಟರೆ ಸಾಕು, ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದಿರಿ, ಎದೆ ಯಾಕೆ ಇಷ್ಟು ಜೋರಾಗಿ ಹೊಡೆದುಕೊಳ್ಳುತ್ತಿದೆ, ಬೆವರಿನಲ್ಲಿ ಭಯ ಎಷ್ಟಿದೆ ಎಂದು ಅದು ಅಂದಾಜು ಮಾಡಿಬಿಡುತ್ತಿತ್ತು. ಆಮೇಲೆ ಇವತ್ತು ನಿಮಗೆ ಯಾವ ಯಾವ ಕೋಣೆ ತೆರೆಯಬಹುದು ಎಂದು ತೀರ್ಮಾನಿಸುತ್ತಿತ್ತು. ಅದಕ್ಕೆ ಸರ್ಕಾರ ಇಟ್ಟ ಹೆಸರು ದ್ವಾರಪಾಲ. ನೌಕರರು ಇಟ್ಟ ಹೆಸರು ಪಾಲಣ್ಣ. 'ಪಾಲಣ್ಣ ಇವತ್ತು ಮುಖ ಸಿಂಡರಿಸ್ಕೊಂಡವ್ನೆ' ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು.

ಆ್ಯಂಟಿಬಯಾಟಿಕ್ ಮಾತ್ರೆಗಳೆಲ್ಲ ಕೈಕೊಟ್ಟು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ ಅದು. ಕಾಲಿಗೆ ಮೊಳೆ ಚುಚ್ಚಿದರೂ ಜನ ಹೆದರುತ್ತಿದ್ದರು. ಉಳಿದಿದ್ದ ಒಂದೇ ದಾರಿ ಭಕ್ಷಕಗಳು. ಅಂದರೆ ಬ್ಯಾಕ್ಟೀರಿಯಾದ ಒಳಹೊಕ್ಕು ಅದನ್ನು ಒಡೆದುಹಾಕುವ ವೈರಸ್ಸುಗಳು. ಮನುಷ್ಯನಿಗೆ ಅವು ಏನೂ ಮಾಡುವುದಿಲ್ಲ. ಆದರೆ ಒಂದೊಂದು ಬ್ಯಾಕ್ಟೀರಿಯಾಕ್ಕೂ ಅದರದೇ ಭಕ್ಷಕ ಬೇಕು, ಇದರದ್ದು ಅದಕ್ಕೆ ನಡೆಯದು. ಅವು ಸಿಗುವುದಾದರೂ ಎಲ್ಲಿ? ಎಲ್ಲಿ ಬ್ಯಾಕ್ಟೀರಿಯಾ ಇದೆಯೋ ಅಲ್ಲಿ: ಚರಂಡಿಯಲ್ಲಿ, ಹೊಂಡದಲ್ಲಿ, ಕಪಿಲಾ ನದಿಯ ಸ್ನಾನಘಟ್ಟದಲ್ಲಿ. ಹಾಗೆ ಹುಡುಕಿ ತಂದ ಹನ್ನೊಂದು ಸಾವಿರ ಭಕ್ಷಕಗಳು ಭಂಡಾರದ ಕೋಣೆಗಳಲ್ಲಿ, ಬೆರಳಿನಷ್ಟು ಉದ್ದದ ಸೀಸೆಗಳಲ್ಲಿ, ಚಳಿಯಲ್ಲಿ ಮಲಗಿದ್ದವು.

ಯಶೋಧ ಅಲ್ಲಿನ ಅನುಮತಿ ಅಧಿಕಾರಿ. ಯಾರಿಗೆ ಯಾವ ಬಾಗಿಲು, ಎಷ್ಟು ದಿನ, ಯಾಕೆ ಎಂದು ನೋಡಿಕೊಳ್ಳುವುದು ಅವಳ ಕೆಲಸ. ಕೆಲಸಕ್ಕೆ ಬೇಕಾದಷ್ಟೇ ಬಾಗಿಲು, ಅದಕ್ಕಿಂತ ಒಂದು ಹೆಚ್ಚಿಲ್ಲ, ಇದು ಅವಳ ನಿಯಮ. ತೊಂಬತ್ತು ದಿನ ಯಾರಾದರೂ ಒಂದು ಕೋಣೆಗೆ ಕಾಲಿಡದಿದ್ದರೆ ಅವರ ಪಟ್ಟಿಯಿಂದ ಅದನ್ನು ತೆಗೆದುಹಾಕುತ್ತಿದ್ದಳು. ನಿರ್ದೇಶಕಿ ಡಾಕ್ಟರ್ ಲೋಕೇಶ್ವರಿಯವರ ಪಟ್ಟಿಯಿಂದಲೂ ನಾಲ್ಕನೇ ಕೋಣೆಯನ್ನು ತೆಗೆದಿದ್ದಳು. ಅವರು ನಕ್ಕು, "ಸರಿಯಮ್ಮ, ನಾನೂ ಕಳ್ಳಿಯೇ ಅಂತ ಇಟ್ಕೋ" ಎಂದಿದ್ದರು. ದೇಶದಲ್ಲೇ ಅತಿ ಕಡಿಮೆ ಬಾಗಿಲು ತೆರೆದಿಟ್ಟ ಭಂಡಾರ ಎಂದು ಕೇಂದ್ರ ಕಚೇರಿಯಿಂದ ಅವಳಿಗೆ ಒಂದು ಫಲಕ ಬಂದಿತ್ತು.

ಇದೆಲ್ಲ ಹುಚ್ಚುತನ ಎಂದುಕೊಳ್ಳಬೇಡಿ. ಏಳು ವರ್ಷದ ಹಿಂದೆ ಉತ್ತರದ ಕಡೆಯ ಒಂದು ಭಂಡಾರದಲ್ಲಿ ಒಳಗಿನವನೇ ಒಬ್ಬ, ತಂಗಿಗೆ ತುಂಬಾ ಹುಷಾರಿಲ್ಲ ಎಂದು ಅತ್ತು ಕರೆದು ತುರ್ತು ಅನುಮತಿ ಪಡೆದು, ಒಂದಿಡೀ ಕೋಣೆಯನ್ನು ದೋಚಿಕೊಂಡು ಹೋಗಿ, ಉಳಿದದ್ದನ್ನು ಹಾಳುಮಾಡಿದ್ದ. ಅವನಿಗೆ ತಂಗಿಯೇ ಇರಲಿಲ್ಲ. ಆ ವರ್ಷ ಮದ್ದು ಸಿಗದೆ ಸತ್ತವರು ಸಾವಿರಾರು. ಹೊರಗಿನ ಕಳ್ಳನಿಗೆ ಗೋಡೆ ಸಾಕು, ಒಳಗಿನವನಿಗೆ ಏನು ಮಾಡೋದು ಎಂಬ ಚಿಂತೆಯಿಂದಲೇ ದ್ವಾರಪಾಲ ಹುಟ್ಟಿದ್ದು. ಅದರ ಜೊತೆಗೆ ಇನ್ನೆರಡು ಏರ್ಪಾಡು ಬಂದವು. ಬಾಗಿಲನ್ನು ಬಲವಂತವಾಗಿ ಮುರಿದರೆ ಕೋಣೆಯೊಳಗೆ ಕುದಿಯುವ ಹಬೆ ನುಗ್ಗಿ ಎಲ್ಲ ಸೀಸೆಗಳನ್ನೂ ಬೇಯಿಸಿಹಾಕುತ್ತದೆ. ಇನ್ನೊಂದು, ಜೋಡಿ.

ಭಂಡಾರದ ಪ್ರತಿ ನೌಕರನಿಗೂ ಒಬ್ಬ ಜೋಡಿ. ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಇಬ್ಬರ ಫೋನಿಗೂ ಒಂದೇ ಪ್ರಶ್ನೆ ಬರುತ್ತಿತ್ತು: ನಿಮ್ಮ ಜೋಡಿಯ ಕೈಗೆ ಇವತ್ತು ಭಂಡಾರವನ್ನು ಒಪ್ಪಿಸಬಹುದೇ? ಹಸಿರು ಒತ್ತಿದರೆ ಹೌದು, ಕೆಂಪು ಒತ್ತಿದರೆ ಇಲ್ಲ. ಉತ್ತರ ಗುಟ್ಟು, ಜೋಡಿಗೂ ಗೊತ್ತಾಗುವುದಿಲ್ಲ. ಯಂತ್ರಕ್ಕೆ ಕಾಣದ್ದು ದಿನವೂ ಪಕ್ಕದಲ್ಲಿ ಕೂತವನ ಕಣ್ಣಿಗೆ ಕಾಣುತ್ತದೆ ಎಂಬುದು ಮಾಡಿದವರ ಲೆಕ್ಕಾಚಾರ.

ಯಶೋಧಳ ಜೋಡಿ ಸಿದ್ದರಾಜು. ಊರೂರು ಸುತ್ತಿ ಕೊಳಕು ನೀರು ತಂದು ಅದರಲ್ಲಿ ಭಕ್ಷಕ ಹುಡುಕುವವನು ಅವನೇ. ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದ್ದರೂ ಮೊಣಕಾಲವರೆಗೆ ಪ್ಯಾಂಟು ಮಡಚಿ ಚರಂಡಿಗೆ ಇಳಿಯುವುದರಲ್ಲಿ ಅವನಿಗೆ ಎಲ್ಲಿಲ್ಲದ ಸಂತೋಷ. ನಾಲ್ಕನೇ ಕೋಣೆಯ ಎರಡು ಸಾವಿರ ಸೀಸೆಗಳು ಅವನೊಬ್ಬನ ದುಡಿಮೆ, ಆ ಬಾಗಿಲು ತೆರೆಯುತ್ತಿದ್ದುದೂ ಅವನೊಬ್ಬನಿಗೇ. ಯಶೋಧಳಿಗಿಂತ ಐದು ವರ್ಷ ಚಿಕ್ಕವನು, ಅವಳನ್ನು ಅಕ್ಕ ಎನ್ನುತ್ತಿದ್ದ. ಒಂಟಿ ಹೆಂಗಸಾದ ಯಶೋಧಳಿಗೆ ಹಬ್ಬದ ಊಟ ಎಂದರೆ ಅವನ ಮನೆಯದೇ. ಅವನ ಹೆಂಡತಿ ರತ್ನ ಡಬ್ಬಿಯಲ್ಲಿ ಹುರುಳಿಕಾಳಿನ ಬಸ್ಸಾರು ಕಳಿಸಿದರೆ, ಇವಳು ಡಬ್ಬಿ ತೊಳೆಯದೆ ಹಿಂದೆ ಕಳಿಸಿ ಬೈಸಿಕೊಳ್ಳುತ್ತಿದ್ದಳು. ಮಕ್ಕಳಿಲ್ಲದ ದಂಪತಿ ಅವರು. ತಂದೆ ತಾಯಿ ಕಾಲವಾಗಿ, ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟುಹೋಗಿ, ಸಿದ್ದರಾಜುವಿಗೆ ಕಷ್ಟ ಸುಖ ಹೇಳಿಕೊಳ್ಳಲು ಇದ್ದವರು ಈ ಇಬ್ಬರು ಹೆಂಗಸರೇ.

ಈಗ ಆ ಕೆಂಪು ಗುಂಡಿಯ ವಿಷಯ ಹೇಳಬೇಕು. ಕೆಂಪು ಒತ್ತಿದರೆ ಆ ಜೋಡಿಗೆ ಒಂದು ದಿನ ಒಳಗಿನ ಕೋಣೆಗಳು ತೆರೆಯುತ್ತಿರಲಿಲ್ಲ. ಕಾರಣ ಯಾರೂ ಕೇಳುತ್ತಿರಲಿಲ್ಲ, ಸಂಬಳ ಕಡಿತವಿಲ್ಲ, ರಜೆ ಅರ್ಜಿ ಬೇಕಿಲ್ಲ. ನಮ್ಮ ಜನ ಇಂಥದ್ದನ್ನು ಬಿಡುತ್ತಾರೆಯೇ? ಮೊದಲ ವರ್ಷ ಮುಗಿಯುವುದರೊಳಗೆ ಅದು ಸ್ನೇಹಿತರು ಸ್ನೇಹಿತರಿಗೆ ಕೊಡುವ ರಜೆಯಾಗಿಬಿಟ್ಟಿತ್ತು. ಮಗಳ ಶಾಲೆಯಲ್ಲಿ ನಾಟಕ, ಬೆನ್ನು ನೋವು, ಅತ್ತೆ ಮಾವ ಬಂದಿದ್ದಾರೆ, ಸರಿ, "ಒಂದು ಕೆಂಪು ಒತ್ತು ಮಾರಾಯ." ಯಾರೂ ಯಾರನ್ನೂ ಅನುಮಾನಿಸಿ ಅದನ್ನು ಒತ್ತಿದ್ದೇ ಇಲ್ಲ. ಯಶೋಧಳಿಗೂ ಇದು ಗೊತ್ತಿತ್ತು. ಅವಳೂ ಒತ್ತಿದ್ದಳು, ತನಗೂ ಒತ್ತಿಸಿಕೊಂಡಿದ್ದಳು.

ಹಿಂದಿನ ತಿಂಗಳು ದ್ವಾರಪಾಲದ ಹೊಸ ಆವೃತ್ತಿ ಬಂದಿತ್ತು. ನಲವತ್ತು ಪುಟದ ವಿವರಣೆಯನ್ನು ಯಶೋಧ ಓದಿಯೇ ಸಹಿ ಹಾಕಿದ್ದಳು. ಅದರಲ್ಲಿ ಒಂದು ಕಡೆ ಹೀಗಿತ್ತು: ನೌಕರನ ಮನೆಯಲ್ಲಿ ಸಂಕಷ್ಟವಿದ್ದು, ಅಂಗೈ ತಪಾಸಣೆಯಲ್ಲಿ ತೀವ್ರ ಒತ್ತಡ ಕಂಡು, ಸಹೋದ್ಯೋಗಿಯ ಅವಿಶ್ವಾಸವೂ ದಾಖಲಾದರೆ, ಮೂರೂ ಸೇರಿ ಏಳು ದಿನ ಎಲ್ಲ ಅನುಮತಿ ಸ್ಥಗಿತ. ಸಹೋದ್ಯೋಗಿಯ ಅವಿಶ್ವಾಸ ಎಂಬ ಮಾತು ಓದಿದಾಗ ಅವಳ ಕಣ್ಣಮುಂದೆ ಬಂದದ್ದು ಉತ್ತರದ ಆ ಕಳ್ಳ. ತಾವು ಆಗಾಗ ಒತ್ತುತ್ತಿದ್ದ ಕೆಂಪು ಗುಂಡಿ ಅವಳ ನೆನಪಿಗೂ ಬರಲಿಲ್ಲ.

ಒಂದು ಭಾನುವಾರ ರತ್ನ ಮನೆಯ ಹಿಂದೆ ಕೂತು ಜಿಲೇಬಿ ಮೀನು ಸೋಸುತ್ತಿದ್ದಳು. ಬೆನ್ನಿನ ಮುಳ್ಳು ಅಂಗೈಗೆ ಚುಚ್ಚಿತು. ಅರಿಶಿನ ಒತ್ತಿ ಸುಮ್ಮನಾದಳು. ಸೋಮವಾರ ಕೈ ಊದಿತು, ಮಂಗಳವಾರ ಜ್ವರ ಏರಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಯಾವ ಬ್ಯಾಕ್ಟೀರಿಯಾ ಎಂದು ಪತ್ತೆ ಮಾಡಲು ಎರಡು ದಿನ ಬೇಕಿತ್ತು. ಆ ಎರಡು ದಿನವೂ ಸಿದ್ದರಾಜು ಆಸ್ಪತ್ರೆಯ ಕುರ್ಚಿಯಲ್ಲಿ ಕೂತೇ ಬೆಳಗು ಮಾಡಿ, ಬಸ್ಸು ಹಿಡಿದು ಕೆಲಸಕ್ಕೆ ಬಂದ.

ಗುರುವಾರ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಯಶೋಧ ಅವನ ಎದುರು ಕೂತಳು. ಅವನ ಕಣ್ಣು ಕೆಂಡದಂತೆ ಕೆಂಪಾಗಿದ್ದವು.

"ಒಂದು ಕೆಂಪು ಒತ್ತಲೇನೋ? ಹೋಗಿ ಮಲಕ್ಕೋ" ಎಂದಳು.

"ಬ್ಯಾಡ ಕಣಕ್ಕ. ಕೆಲ್ಸದಲ್ಲಿದ್ರೆ ತಲೆ ಒಂದು ಹದದಲ್ಲಿರ್ತದೆ. ಅಲ್ಲಿ ಕುಂತ್ರೆ ಬರೀ ಕೆಟ್ಟದ್ದೇ ಯೋಚ್ನೆ."

"ನಿಂತಲ್ಲೇ ತೂಕಡಿಸ್ತಾ ಇದೀಯ. ಸೀಸೆ ಗೀಸೆ ಕೈಜಾರಿ ಬಿದ್ರೆ?"

"ಬೀಳಕ್ಕಿಲ್ಲ ಬುಡಕ್ಕ" ಎಂದು ನಕ್ಕ. ಲೋಟ ಇಡಲು ಹೋಗಿ ಮೇಜಿನ ಅಂಚಿಗೆ ಇಟ್ಟ. ಅದು ಬಿದ್ದು ಚಹಾ ಅವನ ಕಾಲ ಮೇಲೆಲ್ಲ ಚೆಲ್ಲಿತು. ಅದು ಅವನಿಗೆ ತಿಳಿಯಲೇ ಇಲ್ಲ ಎನ್ನುವ ಹಾಗೆ ಎದ್ದು ಹೊರಟ.

ಯಶೋಧ ಫೋನು ತೆಗೆದಳು. ಪ್ರಶ್ನೆ ಬಂದು ಕಾಯುತ್ತಿತ್ತು. ಪೆದ್ದ, ಹೇಳಿದರೆ ಕೇಳುವವನಲ್ಲ, ಒಂದು ದಿನ ನಿದ್ದೆ ಮಾಡಲಿ ಎಂದುಕೊಂಡು ಕೆಂಪು ಒತ್ತಿದಳು. ಅವನಿಗೆ ಹೇಳಲಿಲ್ಲ. ಅವತ್ತಿನ ಮಟ್ಟಿಗೆ ಅದು ಅವಳು ಮಾಡಿದ ಅತ್ಯಂತ ಪ್ರೀತಿಯ ಕೆಲಸವಾಗಿತ್ತು.

ಹತ್ತು ನಿಮಿಷದಲ್ಲಿ ಅವನು ಅವಳ ಕೋಣೆಗೆ ಬಂದ. "ಪಾಲಣ್ಣ ಬಾಗ್ಲು ತೆಗೀತಿಲ್ಲ ಅಕ್ಕ. ನನ್ ಅಂಗೈ ನೋಡೇ ಹೆದ್ರಿಕೊಂಡ ಅಂತ ಕಾಣ್ತದೆ."

"ಒಳ್ಳೇದೇ ಆಯ್ತು. ಹೋಗು, ರತ್ನನ ಪಕ್ಕದಲ್ಲಿ ಒಂದು ಗಳಿಗೆ ಕಣ್ಣು ಮುಚ್ಚು" ಎಂದಳು ಯಶೋಧ, ಮುಖ ಎತ್ತದೆ.

ಅವನು ಹೋದ. ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಮೂರು ತಾಸು ಸತ್ತವನಂತೆ ನಿದ್ದೆ ಮಾಡಿದನಂತೆ. ಆಮೇಲೆ ಅವನೇ ಅದನ್ನು ಹೇಳಿದ.

ಮಧ್ಯಾಹ್ನ ಎರಡು ಗಂಟೆಗೆ ಆಸ್ಪತ್ರೆಯಿಂದ ವರದಿ ಬಂತು. ನದಿಯ ಮೀನಿನಲ್ಲಿ ಇರುವ ಒಂದು ಬ್ಯಾಕ್ಟೀರಿಯಾ, ಈಗಾಗಲೇ ರಕ್ತಕ್ಕೆ ಇಳಿದಿದೆ, ಕೈ ಕತ್ತರಿಸಿದರೂ ಪ್ರಯೋಜನವಿಲ್ಲ. ಲೋಕೇಶ್ವರಿಯವರು ಅದರ ಗುರುತನ್ನು ಭಂಡಾರದ ಪಟ್ಟಿಯ ಜೊತೆ ಹೋಲಿಸಿದರು. ಹನ್ನೊಂದು ಸಾವಿರದಲ್ಲಿ ಒಂದೇ ಒಂದು ಹೊಂದಿತು. ಎಂಟು ವರ್ಷದ ಹಿಂದೆ ಸಿದ್ದರಾಜು ಸ್ನಾನಘಟ್ಟದ ಕೆಳಗಿನ ಮೋರಿಯಿಂದ ತಂದದ್ದು. ಇದ್ದದ್ದು ನಾಲ್ಕನೇ ಕೋಣೆಯಲ್ಲಿ. ಇದರ ಇನ್ನೊಂದು ಪ್ರತಿಯನ್ನು ಕಳಿಸಿದ್ದು ಕಳ್ಳತನವಾದ ಉತ್ತರದ ಆ ಭಂಡಾರಕ್ಕೆ, ಅದು ಅಲ್ಲೇ ಹಾಳಾಗಿತ್ತು, ಆಮೇಲೆ ಬದಲಿ ಪ್ರತಿಯನ್ನು ಯಾರೂ ಕೇಳಿರಲಿಲ್ಲ.

"ದೇವರು ದೊಡ್ಡವನು ಯಶೋಧ! ಇದೆ!" ಎಂದು ಲೋಕೇಶ್ವರಿಯವರು ಕೂಗಿಕೊಂಡೇ ಬಂದರು. "ಸಿದ್ದರಾಜುವಿನ ಬಾಗಿಲು ನಾಳೆ ತೆರೆಯುತ್ತಲ್ಲ? ನಾಳೆ ಬೆಳಿಗ್ಗೆ ಒಂಬತ್ತಕ್ಕೇ ತೆಗೆಸೋಣ."

ಯಶೋಧ ಪರದೆ ನೋಡಿದಳು. ಸಿದ್ದರಾಜುವಿನ ಹೆಸರಿನ ಮುಂದೆ ಏಳು ದಿನ ಎಂದಿತ್ತು. ಮನೆಯಲ್ಲಿ ಸಂಕಷ್ಟ, ಒಂದು. ತೀವ್ರ ಒತ್ತಡ, ಎರಡು. ಸಹೋದ್ಯೋಗಿಯ ಅವಿಶ್ವಾಸ, ಮೂರು. ಮೂರನೆಯದನ್ನು ಅವಳು ಇನ್ನೊಮ್ಮೆ ಓದಿದಳು. ಅಯ್ಯೋ, ಅದು ಇದೇನಾ, ನಾನು ಒತ್ತಿದ್ದು ಇದನ್ನೇನಾ ಎಂದು ಅವಳ ಒಳಗೆ ಯಾರೋ ಕಿರುಚಿದರು.

ತುರ್ತು ತೆರವಿಗೆ ಒಂದು ದಾರಿ ಇತ್ತು. ಅನುಮತಿ ಅಧಿಕಾರಿಯೂ ಅವರ ಜೋಡಿಯೂ ಒಟ್ಟಿಗೆ ಅಂಗೈ ಇಟ್ಟರೆ ಯಾವ ಕೋಣೆಯಾದರೂ ತೆರೆಯುತ್ತದೆ. ಆದರೆ ಅವಳ ಜೋಡಿ ಸಿದ್ದರಾಜುವೇ. ಬೇರೆಯವರಿಗೆ ಅವನ ಬಾಗಿಲು ವರ್ಗಾಯಿಸಬೇಕಾದರೂ, ತೆಗೆದ ಅನುಮತಿಯನ್ನು ಮತ್ತೆ ಕೊಡಬೇಕಾದರೂ ಅವನು ಹಸಿರಿನಲ್ಲಿರುವಾಗ ಅವನ ಅಂಗೈಯೇ ಬೇಕು. ಲೋಕೇಶ್ವರಿಯವರಿಗೆ ಆ ಕೋಣೆಯ ಅನುಮತಿ ಇದ್ದಿದ್ದರೆ ಮಾತೇ ಇರಲಿಲ್ಲ. ಇದ್ದ ಅನುಮತಿಯನ್ನು ತೆಗೆದವಳು ಯಾರು ಎಂದು ಇಬ್ಬರಿಗೂ ಗೊತ್ತಿತ್ತು.

ಕೇಂದ್ರ ಕಚೇರಿಗೆ ಫೋನು ಮಾಡಿದರು. ಆ ಕಡೆಯ ಮನುಷ್ಯ ಕಟುಕನೇನಲ್ಲ, ಪಾಪ, ಮೆತ್ತಗೇ ಮಾತಾಡಿದ. ವಿನಾಯಿತಿ ಕೊಡಬಹುದು, ಆದರೆ ಮೂರು ದಿನ ಪರಿಶೀಲಿಸಿಯೇ ಕೊಡಬೇಕು. ನೌಕರನ ಸಂಬಂಧಿಗೇ ಮದ್ದು ಬೇಕಾಗಿರುವಾಗ ಇನ್ನೂ ಎಚ್ಚರ ಬೇಕು, ಹಿಂದೆ ತಂಗಿಯ ಕತೆ ಏನಾಯಿತು ನಿಮಗೇ ಗೊತ್ತಲ್ಲ ಎಂದ.

"ಸರ್, ಇವಳು ನಿಜವಾದ ಹೆಂಡತಿ. ಇವಳು ಇದಾಳೆ ಸರ್. ನಾನು ಅವಳ ಕೈಯಡುಗೆ ಊಟ ಮಾಡಿದೀನಿ" ಎಂದಳು ಯಶೋಧ.

"ಅರ್ಜಿಯಲ್ಲಿ ಅದನ್ನೂ ಬರೆಯಿರಿ ಮೇಡಂ" ಎಂದ ಅವನು.

ನಾನು ಒತ್ತಿದ ಕೆಂಪು ಸುಳ್ಳು ಎಂದು ಹೇಳಿಬಿಟ್ಟರೆ? ಅವಳು ಅದನ್ನೂ ಅರ್ಜಿಯಲ್ಲಿ ಬರೆದಳು, ಕಳಿಸುವ ಮುಂಚೆ ನಿಯಮ ತೆರೆದು ನೋಡಿದಳು. ಉತ್ತರ ಬದಲಿಸಲು ಕೇಳಿದ ಜೋಡಿಯನ್ನು ಒತ್ತಾಯಕ್ಕೆ ಒಳಗಾದವರೆಂದು ಪರಿಗಣಿಸಿ ಅವರ ಅನುಮತಿಯನ್ನೂ ಸ್ಥಗಿತಗೊಳಿಸಲಾಗುವುದು ಎಂದಿತ್ತು. ಅವಳದೂ ನಿಂತರೆ ವಿನಾಯಿತಿ ಬಂದಾಗ ಬಾಗಿಲು ತೆರೆಯಲು ಭಂಡಾರದಲ್ಲಿ ಯಾರೂ ಉಳಿಯುವುದಿಲ್ಲ. ಆ ಸಾಲನ್ನು ಅಳಿಸಿದಳು.

ಸಿದ್ದರಾಜು ಸುದ್ದಿ ಕೇಳಿ ಓಡಿ ಬಂದ. ಆದದ್ದನ್ನೆಲ್ಲ ಲೋಕೇಶ್ವರಿಯವರು ಹೇಳಿದರು. ಜೋಡಿಯ ಉತ್ತರದ ವಿಷಯ ಅವರಿಗೆ ಗೊತ್ತಿರಲಿಲ್ಲ, ಪರದೆಯ ಆ ಪುಟ ಯಶೋಧಳಿಗೆ ಮಾತ್ರ ಕಾಣುವಂಥದು. ಯಂತ್ರ ಮುಚ್ಚಿದೆ ಎಂದಷ್ಟೇ ಹೇಳಿದರು.

"ಅಳ್ಬ್ಯಾಡ ಕಣಕ್ಕ" ಎಂದ ಅವನು ಯಶೋಧಳಿಗೆ. ಅವನೇ ಇವಳನ್ನು ಸಮಾಧಾನ ಮಾಡಿದ! "ನೀನೇನ್ ಮಾಡೀಯೆ, ಮಿಶಿನ್ನು ಅದು. ಮೋರಿ ಎಲ್ಲೂ ಹೋಗಿಲ್ವಲ್ಲ. ಅಲ್ಲಿ ಸಿಕ್ಕಿದ್ದು ಇನ್ನೊಂದ್ ಸಲ ಸಿಕ್ತದೆ."

ಅವತ್ತು ಸಂಜೆಯೊಳಗೆ ಸ್ನಾನಘಟ್ಟದ ಸುತ್ತ ಹದಿನೆಂಟು ಕಡೆ ನೀರು ತುಂಬಿಸಿ ತಂದ. ಆ ಹಳೆಯ ಮೋರಿ ಈಗ ಇರಲಿಲ್ಲ. ಊರನ್ನು ಚೊಕ್ಕಟ ಮಾಡುತ್ತೇವೆಂದು ಎರಡು ವರ್ಷದ ಹಿಂದೆ ಅದಕ್ಕೆ ಪೈಪು ಹಾಕಿ ಮುಚ್ಚಿದ್ದರು. ಆದರೂ ಲೋಕೇಶ್ವರಿಯವರು ತಮ್ಮ ಪ್ರಯೋಗಾಲಯದಲ್ಲಿ ತಟ್ಟೆಗಳಲ್ಲಿ ರತ್ನಳ ಬ್ಯಾಕ್ಟೀರಿಯಾ ಹರಡಿ, ಹದಿನೆಂಟು ನೀರನ್ನೂ ಸೋಸಿ ಹನಿಹನಿಯಾಗಿ ಹಾಕಿದರು. ಭಕ್ಷಕ ಇದ್ದರೆ ತಟ್ಟೆಯ ಮಬ್ಬಿನಲ್ಲಿ ತಿಳಿಯಾದ ಚುಕ್ಕೆಗಳು ಮೂಡಬೇಕು. ಶುಕ್ರವಾರ ಮಧ್ಯಾಹ್ನದವರೆಗೆ ಮೂವರೂ ಗಾಜಿನ ಆಚೆ ಈಚೆ ನಿಂತು ನೋಡಿದರು. ಹದಿನೆಂಟು ತಟ್ಟೆಯೂ ಮಬ್ಬಾಗಿಯೇ ಇದ್ದವು.

ಸಿದ್ದರಾಜು ಹೊರಗೆ ನಡೆದ. ಯಶೋಧ ಹಿಂದೆಯೇ ಓಡಿದಳು. ಓಣಿಯ ಕೊನೆಯಲ್ಲಿ ಬೆಂಕಿ ನಂದಿಸುವ ಬಕೆಟ್ಟುಗಳ ಪಕ್ಕ ಕೊಡಲಿ ತೂಗುಹಾಕಿತ್ತು. ಅವನು ಅದನ್ನು ಕೈಗೆ ತೆಗೆದುಕೊಂಡು ನಾಲ್ಕನೇ ಕೋಣೆಯ ಮುಂದೆ ನಿಂತಿದ್ದ. ಬಾಗಿಲಿನ ಸಣ್ಣ ಗಾಜಿನಲ್ಲಿ ಒಳಗಿನ ಸಾಲುಗಳು ಕಾಣುತ್ತಿದ್ದವು. ಮೂರನೇ ಸಾಲು, ಎಡಗಡೆ, ಅವನದೇ ಕೈಬರಹದ ಚೀಟಿ.

"ಹೊಡಿಯೋ" ಎಂದಳು ಯಶೋಧ. ನಿಯಮಗಳ ಯಶೋಧ ಹೇಳಿದ ಮಾತು ಇದು. "ಹಬೆ ಬರೋದಕ್ಕೆ ಐದು ಸೆಕೆಂಡ್ ಬೇಕು. ಕೈ ಹಾಕಿ ಎಳ್ಕೊಂಡ್ಬಿಡು. ನಾನೇ ಹೊಡೀತೀನಿ, ಕೊಡಿಲ್ಲಿ!"

"ಮೂರನೇ ಸಾಲಿಗೆ ಹೋಗೋಕೇ ಹತ್ತು ಸೆಕೆಂಡ್ ಬೇಕಕ್ಕ." ಅವನು ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ನಿನ್ನೆ ಚಾಮರಾಜನಗರದಿಂದ ಒಂದು ಮಗೂಗೆ ಅಂತ ಕೇಳವ್ರೆ, ಅದೂ ಇಲ್ಲೇ ಇರೋದು. ಮುಂದಿನ್ ವಾರ ಬಾಗ್ಲು ತೆಗುದ್ರೆ ಅದ್ಕೆ ಸಿಕ್ತದೆ. ಎರಡ್ ಸಾವಿರ ಸೀಸೆ ಅಕ್ಕ. ಎಲ್ಲಾ ಬೆಂದೋಗ್ತವೆ. ರತ್ನಂದೂ ಬೆಂದೋಗ್ತದೆ."

ನಾಲ್ಕು ನಿಮಿಷ ಹಾಗೇ ನಿಂತಿದ್ದ. ಆಮೇಲೆ ಕೊಡಲಿಯನ್ನು ಮತ್ತೆ ಅದರ ಕೊಕ್ಕೆಗೆ ಸಿಕ್ಕಿಸಿ, ಬಾಗಿಲಿಗೆ ಹಣೆ ಹಚ್ಚಿ, ಬಿಕ್ಕಿ ಬಿಕ್ಕಿ ಅತ್ತ. ಭಂಡಾರವನ್ನು ಒಪ್ಪಿಸಬಹುದಾದ ಮನುಷ್ಯ ಭೂಮಿಯ ಮೇಲೆ ಒಬ್ಬನಿದ್ದರೆ ಅವನು ಅಲ್ಲಿ ನಿಂತು ಅಳುತ್ತಿದ್ದ.

ಶುಕ್ರವಾರ ಸಂಜೆ ಯಶೋಧ ಆಸ್ಪತ್ರೆಗೆ ಹೋದಳು. ಸಿದ್ದರಾಜು ವೈದ್ಯರ ಹಿಂದೆ ಅಲೆಯುತ್ತಿದ್ದ. ರತ್ನಳಿಗೆ ಎಚ್ಚರವಿತ್ತು. ಬಲಗೈ ಭುಜದವರೆಗೆ ಕಪ್ಪಾಗಿ ಊದಿತ್ತು, ಮುಖ ಮಾತ್ರ ಎಂದಿನ ಮುಖ.

"ಡಬ್ಬಿ ತಂದ್ರಾ ಅಕ್ಕ?" ಎಂದಳು. "ಹೋದ್ ವಾರದ್ದು ನಿಮ್ಮನೇಲೇ ಅದೆ. ನೀವು ತೊಳ್ದಿರಕ್ಕಿಲ್ಲ ಬುಡಿ."

ಯಶೋಧ ಮಂಚದ ಅಂಚಿಗೆ ಕೂತು ಅವಳ ಎಡಗೈ ಹಿಡಿದುಕೊಂಡಳು. ಎರಡು ದಿನದಿಂದ ಮುಚ್ಚಿಟ್ಟಿದ್ದನ್ನು ಅಲ್ಲಿ ಹೇಳಿಬಿಟ್ಟಳು. "ಬಾಗಿಲು ಮುಚ್ಚಿದ್ದು ಮಿಷನ್ ಅಲ್ಲ ರತ್ನ, ನಾನು. ಅವನು ನಿದ್ದೆ ಮಾಡಲಿ ಅಂತ ಕೆಂಪು ಒತ್ತಿದೆ. ಬೇಡ ಅಂದಿದ್ದ, ಆದರೂ ಒತ್ತಿದೆ. ಒಂದು ದಿನ ಅಂದ್ಕೊಂಡಿದ್ದೆ ಕಣೇ. ಅಮ್ಮನಾಣೆ ಒಂದೇ ದಿನ ಅಂದ್ಕೊಂಡಿದ್ದೆ."

ರತ್ನಳಿಗೆ ಎಷ್ಟು ಅರ್ಥವಾಯಿತೋ ಎಂದು ಯಶೋಧ ಅವಳ ಮುಖವನ್ನೇ ನೋಡಿದಳು. ಎಲ್ಲ ಅರ್ಥವಾಗಿತ್ತು.

"ಅವರಿಗೆ ಹೇಳಿದ್ರಾ?"

"ಇಲ್ಲ."

"ಹೇಳ್ಬ್ಯಾಡಿ." ಉಸಿರು ಎಳೆದುಕೊಂಡು ಮತ್ತೆ ಹೇಳಿದಳು. "ಯಾವತ್ತೂ ಹೇಳ್ಬ್ಯಾಡಿ ಅಕ್ಕ. ನಾನು ಹೋದ್ರೆ ಅವ್ರಿಗೆ ಅಂತ ಉಳ್ಯೋದು ನೀವೊಬ್ರೇ. ನಿಮ್ಮುನ್ನೂ ಕಳ್ಕೊಂಡ್ರೆ ಆ ಮನ್ಸ ಎಲ್ಲಿಗ್ ಹೋಗ್ಬೇಕು? ನನ್ ಮೇಲೆ ಆಣೆ ಮಾಡಿ."

ಯಶೋಧ ಆಣೆ ಮಾಡಿದಳು.

ಶನಿವಾರ ಮಧ್ಯಾಹ್ನ ಮೂರೂವರೆಗೆ ರತ್ನ ತೀರಿಕೊಂಡಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೇಂದ್ರ ಕಚೇರಿಯಿಂದ ವಿನಾಯಿತಿ ಮಂಜೂರಾಗಿದೆ ಎಂದು ಪತ್ರ ಬಂತು. ಬಂದದ್ದನ್ನು ಯಾರಿಗೂ ತೋರಿಸದೆ ಯಶೋಧ ಮುಚ್ಚಿಟ್ಟಳು.

ಹನ್ನೊಂದನೇ ದಿನದ ಕಾರ್ಯ ಮುಗಿಯುವವರೆಗೆ ಸಿದ್ದರಾಜು ದಿನಾ ಸಂಜೆ ಅವಳ ಮನೆಗೆ ಬರುತ್ತಿದ್ದ. ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದ. ಅವಳು ಅನ್ನ ಕಲಸಿ ಕೊಟ್ಟರೆ ಎರಡು ತುತ್ತು ತಿನ್ನುತ್ತಿದ್ದ, ರತ್ನ ಹಾಗಂತಿದ್ಲು ಹೀಗಂತಿದ್ಲು ಎನ್ನುತ್ತಿದ್ದ, ಅಳುತ್ತಿದ್ದ. ಅತ್ತು ಹಗುರಾಗಿ ಎದ್ದು ಹೋಗುತ್ತಿದ್ದ. ಅವನು ಹೋದ ಮೇಲೆ ಯಶೋಧಳಿಗೆ ಕೈತೊಳೆಯುವುದಕ್ಕೂ ಆಗುತ್ತಿರಲಿಲ್ಲ, ಕೂತಲ್ಲೇ ಕೂತಿರುತ್ತಿದ್ದಳು. ಹೇಳಿಬಿಡಲೇ ಎಂದು ದಿನವೂ ಬಾಯಿತುದಿಗೆ ಬರುತ್ತಿತ್ತು, ಆಣೆ ನೆನಪಾಗಿ ನುಂಗಿಕೊಳ್ಳುತ್ತಿದ್ದಳು.

ಹದಿನಾಲ್ಕನೇ ದಿನ ವಿಚಾರಣೆಗೆಂದು ಚೌಗುಲೆ ಎಂಬ ಅಧಿಕಾರಿ ಬಂದರು. ಸಭಾಕೊಠಡಿಯಲ್ಲಿ ಉದ್ದ ಮೇಜಿನ ಒಂದು ಕಡೆ ಅವರು ಮತ್ತು ಲೋಕೇಶ್ವರಿ, ಎದುರಿಗೆ ತಲೆ ಬೋಳಿಸಿಕೊಂಡ ಸಿದ್ದರಾಜು, ಅವನ ಪಕ್ಕ ಯಶೋಧ. ಗೋಡೆಯ ಮೇಲೆ ಕ್ಯಾಮೆರಾದ ಚಿತ್ರ ಓಡಿಸಿದರು: ಕೈಯಲ್ಲಿ ಕೊಡಲಿ, ಎದುರಿಗೆ ನಾಲ್ಕನೇ ಕೋಣೆ, ನಾಲ್ಕು ನಿಮಿಷ. ಧ್ವನಿ ಇರಲಿಲ್ಲ.

"ಭಂಡಾರ ನಾಶಕ್ಕೆ ಯತ್ನ" ಎಂದರು ಚೌಗುಲೆ. "ಇದಕ್ಕೆ ವಜಾ ಒಂದೇ ಅಲ್ಲ, ಜೈಲೂ ಇದೆ. ದ್ವಾರಪಾಲ ಇದನ್ನು ಒಂದು ದಿನ ಮುಂಚೆಯೇ ಹಿಡಿದಿತ್ತು ಎನ್ನುವುದು ನೋಡಿ, ಮೆಚ್ಚಬೇಕಾದ ಸಂಗತಿ." ಅವರು ಯಶೋಧಳ ಕಡೆ ತಿರುಗಿದರು. "ಮೇಡಂ, ಒಳಗಿನ ಕೆಲವು ದಾಖಲೆ ನಮ್ಮ ಹತ್ತಿರ ಇವೆ. ಅದರ ಬಗ್ಗೆ ನಿಮ್ಮ ಹೇಳಿಕೆ ಬೇಕು. ಬೇಕಿದ್ದರೆ ಇವರನ್ನು ಹೊರಗೆ ಕಳಿಸುತ್ತೇನೆ."

ಹೊರಗೆ ಕಳಿಸಬಹುದಿತ್ತು. ಆದರೆ ಹೇಳಿಕೆ ಕಡತಕ್ಕೆ ಸೇರುತ್ತದೆ, ಕಡತದ ಪ್ರತಿ ಆರೋಪಿಗೆ ಹೋಗುತ್ತದೆ, ಆ ನಿಯಮ ಅವಳಿಗೆ ಬಾಯಿಪಾಠ. ಇವನನ್ನು ಅನುಮಾನಿಸಿಯೇ ಕೆಂಪು ಒತ್ತಿದೆ ಎಂದರೆ ಯಂತ್ರ ಗೆಲ್ಲುತ್ತದೆ, ಇವನು ಜೈಲಿಗೆ ಹೋಗುತ್ತಾನೆ. ಏನೂ ಹೇಳದಿದ್ದರೂ ಅದೇ. ನಿಜ ಹೇಳಿದರೆ ಕೆಲಸ ಹೋಗುವುದು ಅವಳದು. ಕೆಲಸ ಹಾಳಾಗಿ ಹೋಗಲಿ. ಅವಳಿಗೆ ಹೆದರಿಕೆ ಇದ್ದದ್ದು ಪಕ್ಕದ ಕುರ್ಚಿಯಲ್ಲಿ ಕೂತವನದು.

"ಅವನು ಇಲ್ಲೇ ಇರಲಿ" ಎಂದಳು. "ಬೇರೆಯವರಿಂದ ತಿಳಿಯೋದು ಬೇಡ. ಗುರುವಾರ ಬೆಳಿಗ್ಗೆ ಕೆಂಪು ಒತ್ತಿದ್ದು ನಾನು. ಅನುಮಾನದಿಂದ ಅಲ್ಲ. ಇವನಿಗೆ ಎರಡು ರಾತ್ರಿ ನಿದ್ದೆ ಇರಲಿಲ್ಲ. ಇಲ್ಲಿ ಎಲ್ಲರೂ ಸ್ನೇಹಿತರಿಗೆ ರಜೆ ಬೇಕಾದಾಗ ಅದನ್ನೇ ಒತ್ತುತ್ತೇವೆ. ಆರು ವರ್ಷದಿಂದ ಒತ್ತುತ್ತಾ ಇದ್ದೇವೆ. ಆ ಚಿತ್ರದಲ್ಲಿ ಧ್ವನಿ ಇಲ್ಲ. ಇದ್ದಿದ್ದರೆ ಹೊಡಿ ಅಂತ ಕೂಗಿದ್ದು ನಾನು ಅಂತ ಕೇಳಿಸ್ತಿತ್ತು. ಹೊಡೆಯದೆ ಇದ್ದವನು ಇವನು. ಒಳಗಿನ ಅಪಾಯ ಅಂತ ಬರೆಯಬೇಕಿದ್ದರೆ ನನ್ನ ಹೆಸರು ಬರೆಯಿರಿ."

ಲೋಕೇಶ್ವರಿಯವರು ಬಾಯಿಗೆ ಸೆರಗು ಒತ್ತಿಕೊಂಡರು. ಚೌಗುಲೆ ಬರೆಯುವುದನ್ನು ನಿಲ್ಲಿಸಿ, ಆರು ವರ್ಷದ ಕೆಂಪು ಉತ್ತರಗಳ ಪಟ್ಟಿ ಬೇಕು ಎಂದರು. ಸಿದ್ದರಾಜುವಿನ ಮೇಲಿನ ಆರೋಪ ನಿಲ್ಲಲಾರದು, ಆದರೆ ನಿಮ್ಮ ಮೇಲೆ ಕ್ರಮ ಆಗುತ್ತದೆ ಎಂದರು. ಇನ್ನೂ ಏನೇನೋ ಹೇಳಿದರು. ಯಶೋಧಳಿಗೆ ಒಂದೂ ಕಿವಿಗೆ ಬೀಳಲಿಲ್ಲ. ಅವಳು ಪಕ್ಕಕ್ಕೆ ತಿರುಗಿ ನೋಡಿದಳು.

ಸಿದ್ದರಾಜು ಮೇಜನ್ನೇ ನೋಡುತ್ತಾ ಕೂತಿದ್ದ.

"ರತ್ನಂಗೆ ಗೊತ್ತಿತ್ತಾ?" ಎಂದ.

"ಹೇಳಿದ್ದೆ. ಶುಕ್ರವಾರ."

"ಏನಂದ್ಲು?"

"ನಿನಗೆ ಹೇಳ್ಬೇಡಿ ಅಂದ್ಲು. ಅವಳು ಹೋದ ಮೇಲೆ ನಿನಗೆ ಅಂತ ಇರೋದು ನಾನೊಬ್ಬಳೇ ಅಂದ್ಲು. ಆಣೆ ಮಾಡಿಸ್ಕೊಂಡ್ಲು ಕಣೋ."

ಅವನು ತಲೆ ಎತ್ತಿದ. ಕೋಪ ಇರಲಿಲ್ಲ ಅವನ ಮುಖದಲ್ಲಿ. ಕೋಪ ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಅವ್ಳ್ ಮಾತು ಕೇಳ್ಬೇಕಿತ್ತಕ್ಕ" ಎಂದ ಸಿದ್ದರಾಜು. "ಜೈಲ್‌ಗಾದ್ರೂ ಹೋಗಿರ್ತಿದ್ದೆ. ನೀನು ಬುತ್ತಿ ತರ್ತಿದ್ದೆ, ಅತ್ಕೊಂಡು ತಿಂತಿದ್ದೆ. ಈಗ ನಾನು ಅಳ್ಬೇಕು ಅಂದ್ರೆ ಯಾರ್ ಮನೆಗ್ ಹೋಗ್ಲಿ?"